ಹಿರಿಯತನವು ಕಲಿತು ಬರುವ ವಿದ್ಯೆ

ಮನೆಯ ಯಜಮಾನರು ಲಿಂಗೈಕ್ಯರಾಗುವರು. ಶಿವಗಣಾರಾಧನೆಯು ಸಾಂಗವಾಗಿ ನೆರವೇರುವುದು. ಬಂಧುಬಳಗದ ಸಮಕ್ಷಮದಲ್ಲಿ ಹಿರಿಯ ಮಗನ ತಲೆಗೆ ಹೊಸ ರುಮಾಲನ್ನು ಸುತ್ತಿ, ಇನ್ನು ಮೇಲೆ ಈ ಮನೆಯ ಹೊಣೆ ನಿನ್ನದೆಂದು ಬಲ್ಲವರು ಹರಸುವರು. ಆ ಮಗನಾದರೋ ನಲವತ್ತು ವರ್ಷದವನು. ಅಂದಿನವರೆಗೆ ಮನೆಯ ಕೀರ್ದಿ ಪುಸ್ತಕವನ್ನು ಬಿಚ್ಚಿ ನೋಡಿದವನಲ್ಲ. ಹೊಲದ ಆಳುಗಳ ಕೂಲಿಯನ್ನು ತಾನಾಗಿ ಗೊತ್ತುಮಾಡಿದವನಲ್ಲ. ತಮ್ಮಂದಿರಿಬ್ಬರು ಜಗಳವಾಡಿದಾಗ ನಡುವೆ ಕುಳಿತು ಇಬ್ಬರ ಮಾತನ್ನೂ ಕೇಳಿದವನಲ್ಲ. ಅದೆಲ್ಲವನ್ನೂ ತಂದೆಯೇ ಮಾಡುತ್ತಿದ್ದನು. ಮಗನನ್ನು ಹತ್ತಿರಕ್ಕೆ ಸೇರಿಸದೆ ಮಾಡುತ್ತಿದ್ದನು. ರುಮಾಲೇನೋ ತಲೆಗೆ ಬಂದಿತು. ತಲೆಯೊಳಗೆ ಬರಬೇಕಾದುದು ಬರಲಿಲ್ಲ. ಮೂರು ವರ್ಷ ತುಂಬುವುದರೊಳಗೆ ಮನೆಯೊಡೆದು ಮೂರು ಒಲೆಗಳಾದರೆ, ‘ಅವನಿಗೆ ತಂದೆಯ ದೆಸೆ ಬರಲಿಲ್ಲ, ಹಣೆಯಲ್ಲಿ ಬರೆದಿರಲಿಲ್ಲ’ ಎಂದು ನೆರೆಹೊರೆಯವರು ಹೇಳಿ ಸುಮ್ಮನಾಗುವರು.

ಹಣೆಯ ಬರಹದ ಮೇಲೆ ಹೊರಿಸುವ ಈ ಮಾತು ಕೇಳುವುದಕ್ಕೆ ನಿರುಪದ್ರವಿಯಾಗಿ ತೋರುವುದು. ಆದರೆ ಇದರೊಳಗೆ ಶರಣಧರ್ಮಕ್ಕೆ ಸಲ್ಲದ ಒಂದು ವಿಚಾರವು ಅಡಗಿದೆ. ಹುಟ್ಟಿನಿಂದ ಯಾರೂ ಮೇಲಲ್ಲ, ಯಾರೂ ಕೀಳಲ್ಲ ಎಂಬುದು 12ನೆಯ ಶತಮಾನದ ಶರಣರು ತಮ್ಮ ಪ್ರಾಣವನ್ನೇ ಪಣವಾಗಿಟ್ಟು ಸಾಧಿಸಿದ ತತ್ತ್ವ. ಕುಲದಲ್ಲಿ ಹಿರಿಮೆಯಿಲ್ಲ, ನಡೆಯಲ್ಲಿ ಹಿರಿಮೆಯಿದೆ ಎಂದು ಬಾಯಿತುಂಬ ಹೇಳುವ ಭಕ್ತನೇ, ಮುಂದಾಳುತನ ಮಾತ್ರ ರಕ್ತದಲ್ಲಿ ಹರಿದು ಬರತಕ್ಕದ್ದೆಂದು ನಂಬಿದರೆ ಅದು ಹೇಗೆ ಹೊಂದಿಕೆಯಾದೀತು? ಗೌಡರ ಮಗನು ಗೌಡನಾಗಿಯೇ ಹುಟ್ಟುವನು, ಮಾತು ಬಲ್ಲವನು ಮಾತು ಬಲ್ಲವನಾಗಿಯೇ ಹುಟ್ಟುವನು, ಉಳಿದವರು ಅವರ ಹಿಂದೆ ನಡೆಯಲಿಕ್ಕೆಂದೇ ಹುಟ್ಟಿದವರು ಎಂಬ ಭಾವನೆಯು ಹಿಂದಿನ ಬಾಗಿಲಿನಿಂದ ಒಳಹೊಕ್ಕ ಜಾತಿಭೇದವೇ ಸರಿ. ಶರಣರ ಚರಿತ್ರೆಯನ್ನು ನೋಡಿದರೆ ಅಲ್ಲಿ ಮುಂದಾಳುಗಳಾದವರೆಲ್ಲರೂ ಕಲಿತು ಆದವರು. ಕೆಲವರು ಒಮ್ಮೆ ಕಲಿತುದನ್ನು ಬಿಟ್ಟು ಮತ್ತೆ ಕಲಿತವರು. ಅಂಥವರಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರ ಕಥೆಯು ಮನನಕ್ಕೆ ಅತ್ಯಂತ ಯೋಗ್ಯವಾದುದು.

ಸೊನ್ನಲಿಗೆಯೆಂದರೆ ಇಂದಿನ ಮಹಾರಾಷ್ಟ್ರದಲ್ಲಿರುವ ಸೊಲ್ಲಾಪುರ. ಮುದ್ದುಗೌಡ, ಸುಗ್ಗವ್ವೆಯರ ಮಗನಾಗಿ ಹುಟ್ಟಿದ ಬಾಲಕನು ಎಳವೆಯಲ್ಲಿ ಮಾತೇ ಆಡದೆ ಮಂಕನಂತೆ ಇದ್ದನೆಂದು ಪುರಾಣಗಳು ಹೇಳುತ್ತವೆ. ದನ ಕಾಯುತ್ತಿದ್ದ ಹುಡುಗನು. ಹೊಲಕ್ಕೆ ಬಂದ ಜಂಗಮನಿಗೆ ಉಣಿಸು ತರಲೆಂದು ಮನೆಗೆ ಓಡಿಹೋಗಿ ಬರುವಷ್ಟರಲ್ಲಿ ಆ ಜಂಗಮನು ಕಾಣದಾಗಲು, ‘ಮಲ್ಲಯ್ಯಾ, ಮಲ್ಲಯ್ಯಾ’ ಎಂದು ಅರಸುತ್ತ ಶ್ರೀಶೈಲದವರೆಗೂ ಹೋದ ಆ ಹುಡುಗನಲ್ಲಿ ಮುಂದಾಳಿನ ಲಕ್ಷಣವನ್ನು ಯಾವ ಜೋಯಿಸನು ಕಂಡಿದ್ದನು? ರಾಘವಾಂಕ ಕವಿಯು ಈ ಚರಿತ್ರೆಯನ್ನು ಕಾವ್ಯವಾಗಿ ಬರೆದು ಅದನ್ನು ಕನ್ನಡಿಗರ ಮನೆಮಾತಾಗಿಸಿದನು. ಶ್ರೀಶೈಲದಿಂದ ತಿರುಗಿ ಬಂದ ಮೇಲೆ ಸಿದ್ಧರಾಮರು ಕೈಕೊಂಡ ಕಾರ್ಯಗಳಾದರೋ ಸಣ್ಣವಲ್ಲ. ಸೊನ್ನಲಿಗೆಯಲ್ಲಿ ಲಿಂಗಗಳನ್ನು ಸ್ಥಾಪಿಸಿದರು. ಹಸಿದು ಬಂದವರಿಗೆ ಅನ್ನವಿಕ್ಕುವ ಏರ್ಪಾಡು ಮಾಡಿದರು. ಮಳೆ ಕಡಿಮೆಯಾದ ಆ ಬಯಲುಸೀಮೆಯಲ್ಲಿ ಜನಕ್ಕೂ ದನಕ್ಕೂ ನೀರಾಗಲೆಂದು ದೊಡ್ಡದೊಂದು ಕೆರೆಯನ್ನು ಕಟ್ಟಿಸಿದರು.

ಕೆರೆ ಕಟ್ಟಿಸುವುದೆಂದರೆ ಏನೆಂಬುದನ್ನು ರೈತಾಪಿ ಜನರಿಗೆ ಹೇಳಬೇಕಾದುದಿಲ್ಲ. ನೀರು ಹರಿದು ಬರುವ ದಿಕ್ಕನ್ನು ಅರಿಯಬೇಕು. ಏರಿಗೆ ತಕ್ಕ ಮಣ್ಣನ್ನು ಆರಿಸಬೇಕು. ನೂರಾರು ಮಂದಿಯನ್ನು ಒಂದೆಡೆ ಕೂಡಿಸಿ, ಅವರ ಊಟಕ್ಕೂ ವಸತಿಗೂ ವ್ಯವಸ್ಥೆ ಮಾಡಿ, ಅಗೆಯುವವರಿಗೂ ಹೊರುವವರಿಗೂ ಮನಸ್ತಾಪ ಬಾರದಂತೆ ನೋಡಿಕೊಂಡು, ಮುಂಗಾರು ಬರುವುದರೊಳಗೆ ಕೆಲಸವನ್ನು ದಡ ಮುಟ್ಟಿಸಬೇಕು. ಇದನ್ನು ಮಾಡಿದವರು ಸಾಮಾನ್ಯ ಸಂಘಟಕರಲ್ಲ. ಜನರೆಲ್ಲರೂ ಅವರ ಮಾತಿಗೆ ಎದುರಾಡದೆ ನಡೆಯುತ್ತಿದ್ದರು. ಇಷ್ಟಾದ ಮೇಲೆ ಮುಂದಾಳುತನದಲ್ಲಿ ಕಲಿಯುವುದು ಇನ್ನೇನು ಉಳಿದಿದ್ದಿತು ಎಂದು ಯಾರಿಗಾದರೂ ತೋರದಿರದು.

ಉಳಿದಿದ್ದಿತು, ಉಳಿದುದೇ ಬಹಳವಾಗಿದ್ದಿತು. ಅದನ್ನು ತೋರಿಸಲಿಕ್ಕೆ ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದರು.

ಆ ಭೇಟಿಯ ವೃತ್ತಾಂತವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ನಿರೂಪಿಸುತ್ತದೆ. ಪ್ರಭುದೇವರು ಕೆರೆಯ ಕೆಲಸ ನಡೆಯುತ್ತಿದ್ದ ಎಡೆಗೆ ಬಂದು, ಮಣ್ಣು ಹೊರುತ್ತಿದ್ದವರನ್ನು ಕುರಿತು, ನಿಮ್ಮ ಒಡ್ಡರಾಮನೆಲ್ಲಿ ಎಂಬರ್ಥದಲ್ಲಿ ಪ್ರಶ್ನೆ ಮಾಡಿದರು. ಮಣ್ಣಿನ ಕಾಯಕವು ಕೀಳೆಂಬ ಭಾವದಿಂದ ಆಡಿದ ಮಾತು ಇದಲ್ಲ; ಮಡಿವಾಳರನ್ನೂ ಅಂಬಿಗರನ್ನೂ ಮಾದಾರರನ್ನೂ ಸರಿಸಮವಾಗಿ ಕುಳ್ಳಿರಿಸಿಕೊಂಡ ಸಭೆಗೆ ಒಡೆಯರಾಗತಕ್ಕವರು ಯಾವ ಕಾಯಕವನ್ನೂ ಹಳಿಯಲಾರರು. ಮಾತಿನ ಮೊನೆ ಬೇರೆ ಕಡೆಗಿದ್ದಿತು. ಹೊರಗೆ ಕೆರೆಯನ್ನು ಅಗೆಯಿಸುತ್ತಿರುವವನು ಒಳಗನ್ನು ಅಗೆದು ನೋಡಿರುವನೋ ಇಲ್ಲವೋ ಎಂಬುದೇ ಆ ಪ್ರಶ್ನೆ. ಕೆಲಸದವರಿಗೆ ಇದು ತಿಳಿಯಲಿಲ್ಲ. ತಮ್ಮ ಒಡೆಯರನ್ನು ನಿಂದಿಸಿದನೆಂದು ಕೆರಳಿ, ಕೈಯಲ್ಲಿದ್ದ ಕಲ್ಲುಗಳನ್ನು ಬೀರಿದರು. ಆ ಕಲ್ಲುಗಳು ಪ್ರಭುವನ್ನು ತಾಕದೆ ಸುತ್ತಲೂ ಒಟ್ಟಿಲಾಗಿ ಬಿದ್ದುವೆಂದು ಕಥೆಯು ಹೇಳುವುದು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಪವಾಡವನ್ನು ನಂಬುವವರು ನಂಬಲಿ, ನಂಬದವರು ಬಿಡಲಿ. ಕಲ್ಲು ಬೀರಿದವರಾರು ಎಂಬುದೇ ಇಲ್ಲಿ ಮುಖ್ಯವಾದ ವಿಷಯ. ಸಿದ್ಧರಾಮರು ಕಲ್ಲನ್ನು ಬೀರಲಿಲ್ಲ, ಬೀರೆಂದು ಹೇಳಲೂ ಇಲ್ಲ. ಆದರೆ ಅವರ ಕೈಕೆಳಗೆ ವರ್ಷಗಟ್ಟಲೆ ದುಡಿದ ಜನರು ಪ್ರಶ್ನೆಯನ್ನು ಕೇಳಿದೊಡನೆ ಕಲ್ಲನ್ನೆತ್ತಿದರು. ಮುಂದಾಳು ತನ್ನನ್ನು ಪ್ರಶ್ನಿಸಲಾಗದಷ್ಟು ಎತ್ತರದಲ್ಲಿ ನಿಲ್ಲಿಸಿಕೊಂಡರೆ, ಅಥವಾ ಜನರು ನಿಲ್ಲಿಸಿದಾಗ ಸುಮ್ಮನೆ ಒಪ್ಪಿಕೊಂಡರೆ, ಅವನ ಹಿಂಬಾಲಕರು ಹೀಗಾಗುತ್ತಾರೆ. ಒಬ್ಬ ಹಿರಿಯನನ್ನು ಅಳೆಯಬೇಕಾದರೆ ಅವನ ಮಾತನ್ನು ಕೇಳುವುದಕ್ಕಿಂತ ಅವನ ಸುತ್ತಣವರು ಟೀಕೆಯನ್ನು ಹೇಗೆ ಸ್ವೀಕರಿಸುತ್ತಾರೆಂಬುದನ್ನು ನೋಡುವುದು ಮೇಲು. ಊರಿನ ದೇವಸ್ಥಾನದ ಕಮಿಟಿಯಲ್ಲಿ ಜಾತ್ರೆಯ ಲೆಕ್ಕವನ್ನು ಕೇಳಿದವನ ಮೇಲೆ ಅಧ್ಯಕ್ಷರಿಗಿಂತ ಮುಂಚೆ ಅಧ್ಯಕ್ಷರ ಕಡೆಯವರು ಮುಗಿಬೀಳುವುದುಂಟು. ಬೀರುವವು ಕಲ್ಲುಗಳಲ್ಲದಿದ್ದರೂ ಕಲ್ಲಿಗಿಂತ ಮೃದುವಾದವುಗಳೇನೂ ಅಲ್ಲ.

ಸುದ್ದಿ ತಿಳಿದು ಸಿದ್ಧರಾಮರು ಸಿಟ್ಟಿನಿಂದಲೇ ಬಂದರು. ಅವರ ಹಣೆಗಣ್ಣು ತೆರೆದು ಉರಿಯೆದ್ದಿತೆಂದೂ, ಪ್ರಭುದೇವರು ಆ ಉರಿಯನ್ನು ತಣಿಸಿದರೆಂದೂ ಕಥೆ. ಬಳಿಕ ಇಬ್ಬರಿಗೂ ಸಂವಾದ ನಡೆಯಿತು. ಪ್ರಭುವಿನ ವಾದದ ತಿರುಳು ಇಷ್ಟು: ಕೆರೆ ಬೇಡವೆಂದಲ್ಲ, ಅನ್ನದಾನ ಬೇಡವೆಂದಲ್ಲ, ಆದರೆ ‘ನಾನು ಕಟ್ಟಿಸಿದೆನು’ ಎಂಬ ಭಾವವು ಮಾಡಿದ ಪುಣ್ಯಕಾರ್ಯದ ಬೆನ್ನಿಗೇ ಅಂಟಿಕೊಂಡು ಬರುವುದಾದರೆ, ಕೆರೆಯಲ್ಲಿ ನೀರು ತುಂಬಿದಂತೆ ಮನದಲ್ಲಿ ಅಹಂಕಾರವೂ ತುಂಬುವುದು. ಸಿದ್ಧರಾಮರು ಇದನ್ನು ಕೇಳಿದರು, ಎದುರಾಡಿದರು, ಮತ್ತೆ ಕೇಳಿದರು, ಕೊನೆಗೆ ಒಪ್ಪಿದರು. ಒಪ್ಪಿ, ಸಾವಿರಾರು ಜನ ಕೈಮುಗಿಯುತ್ತಿದ್ದ ತಮ್ಮ ಊರನ್ನು ಬಿಟ್ಟು, ಪ್ರಭುವಿನ ಹಿಂದೆ ಶಿಷ್ಯನಂತೆ ಕಲ್ಯಾಣದ ದಾರಿ ಹಿಡಿದರು. ಮುಂದಾಳಾಗಿದ್ದವನು ವಿದ್ಯಾರ್ಥಿಯಾದನು. ಆ ಕೆರೆಗಿಂತಲೂ ಇದು ದೊಡ್ಡ ಕಾರ್ಯವೆಂದರೆ ಅತಿಶಯೋಕ್ತಿಯಾಗಲಾರದು. ಕೆರೆಯನ್ನು ಕಟ್ಟಿಸಿದ ಅರಸರೂ ಸಾಹುಕಾರರೂ ಕನ್ನಡನಾಡಿನಲ್ಲಿ ಅಸಂಖ್ಯರಿದ್ದಾರೆ, ಕಟ್ಟಿಸಿದ ಮೇಲೆ ಪಾಠಕ್ಕೆ ಹೊರಟವರು ಎಷ್ಟು ಮಂದಿ?

ಕಲ್ಯಾಣದ ಬಾಗಿಲಲ್ಲಿ ನಡೆದ ಪ್ರಸಂಗವು ಇನ್ನೂ ಸ್ವಾರಸ್ಯವಾದುದು. ಪ್ರಭುದೇವರೂ ಸಿದ್ಧರಾಮರೂ ಮಹಾಮನೆಯ ಮುಂದೆ ಬಂದು ನಿಂತರು. ಬಸವಣ್ಣನವರು ಒಳಗೆ ಲಿಂಗಪೂಜೆಯಲ್ಲಿದ್ದರು. ಬಂದವರನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಳುಹಿಸಿದರು. ಪ್ರಭುದೇವರು ಒಳಗೆ ಬರಲಿಲ್ಲ. ಮನೆಯ ಬಾಗಿಲಲ್ಲಿ ಜಂಗಮನು ನಿಂತಿರುವಾಗ ಒಡೆಯನು ತಾನು ಏಳದೆ ಇನ್ನೊಬ್ಬನನ್ನು ಕಳುಹಿಸುವುದು ಯಾವ ಭಕ್ತಿ ಎಂಬುದು ಅವರ ಆಕ್ಷೇಪ. ಕೊನೆಗೆ ಬಸವಣ್ಣನವರು ತಾವೇ ಹೊರಗೆ ಬಂದು, ತಪ್ಪನ್ನೊಪ್ಪಿ, ಒಳಗೆ ಕರೆದುಕೊಂಡು ಹೋದರು. ಬಿಜ್ಜಳನ ಭಂಡಾರವನ್ನು ನಡೆಸುತ್ತಿದ್ದವರು, ನಾಡಿನ ನಾನಾ ಕಡೆಯ ಶರಣರನ್ನು ಕಲ್ಯಾಣಕ್ಕೆ ಸೆಳೆದವರು, ತಮ್ಮ ಮನೆಯ ಹೊಸ್ತಿಲಲ್ಲಿಯೇ ಒಂದು ಪಾಠವನ್ನು ಎಲ್ಲರೆದುರಿಗೆ ಕಲಿತರು. ಸಿದ್ಧರಾಮರು ಪಕ್ಕದಲ್ಲಿ ನಿಂತು ಅದನ್ನು ನೋಡುತ್ತಿದ್ದರು. ಸೊನ್ನಲಿಗೆಯಲ್ಲಿ ಅವರಿಗೆ ಬಿದ್ದ ಪೆಟ್ಟು ಅವರೊಬ್ಬರಿಗೇ ಮೀಸಲಾದುದಲ್ಲವೆಂಬುದು ಆಗ ಅವರಿಗೆ ತಿಳಿದಿರಬೇಕು.

ಅನಂತರ ಸಿದ್ಧರಾಮರಿಗೆ ಇಷ್ಟಲಿಂಗ ದೀಕ್ಷೆಯಾಗಬೇಕೆಂಬ ವಿಚಾರವು ಬಂದಿತು. ಈ ಪ್ರಸಂಗವು ಶೂನ್ಯಸಂಪಾದನೆಯ ಎಲ್ಲ ಪರಿಷ್ಕರಣಗಳಲ್ಲಿಯೂ ಒಂದೇ ರೀತಿಯಾಗಿಲ್ಲ. ವಿದ್ವಾಂಸರಲ್ಲಿ ಈ ಬಗ್ಗೆ ಚರ್ಚೆಯುಂಟು. ಸಂಪ್ರದಾಯವು ಹೇಳುವಂತೆ ದೀಕ್ಷೆಯನ್ನಿತ್ತು ಷಟ್‌ಸ್ಥಲದ ಮರ್ಮವನ್ನು ತಿಳಿಸಿದವರು ಚೆನ್ನಬಸವಣ್ಣನವರು. ಬಸವಣ್ಣನವರ ಅಕ್ಕ ನಾಗಮ್ಮನವರ ಮಗನಾದ ಇವರು ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯರು. ಹಣ್ಣಾದ ಶಿವಯೋಗಿಯು ಎಳೆಯನ ಮುಂದೆ ಕೈಯೊಡ್ಡಿ ಕುಳಿತನು. ಮನೆಯಲ್ಲಿ ಮಗನಿಂದಲೋ ಸೊಸೆಯಿಂದಲೋ ಹೊಸದೊಂದನ್ನು ಕಲಿಯಬೇಕಾಗಿ ಬಂದಾಗ ಹಿರಿಯರ ಮುಖದಲ್ಲಿ ಮೂಡುವ ಬಿಗುವನ್ನು ಬಲ್ಲವರಿಗೆ ಈ ಚಿತ್ರದ ಬೆಲೆ ತಿಳಿಯುವುದು.

ಹೀಗೆ ಕಲಿತ ಸಿದ್ಧರಾಮರೇ ಮುಂದೆ ಅಲ್ಲಮಪ್ರಭುದೇವರ, ಚೆನ್ನಬಸವಣ್ಣನವರ ತರುವಾಯ ಶೂನ್ಯಪೀಠಕ್ಕೆ ಮೂರನೆಯ ಅಧಿಪತಿಗಳಾದರೆಂದು ಪರಂಪರೆಯು ಹೇಳುತ್ತದೆ. ಸೊನ್ನಲಿಗೆಯಿಂದ ನೇರವಾಗಿ ಆ ಪೀಠಕ್ಕೆ ದಾರಿಯಿರಲಿಲ್ಲ. ನಡುವೆ ಶಿಷ್ಯತ್ವದ ಕಣಿವೆಯೊಂದನ್ನು ಇಳಿದು ಹತ್ತಬೇಕಾಗಿದ್ದಿತು.

ಆ ಪೀಠದ ವಿಚಾರವೂ ಗಮನಿಸತಕ್ಕದ್ದು. ಅದನ್ನು ರಚಿಸಿದವರು ಬಸವಣ್ಣನವರು. ಸಭೆಯ ಯೋಗಕ್ಷೇಮವನ್ನು ಹೊತ್ತವರೂ ಅವರೇ. ಆದರೂ ಅದರ ಮೇಲೆ ಅವರು ಕುಳಿತುಕೊಳ್ಳಲಿಲ್ಲ. ಬಳ್ಳಿಗಾವೆಯ ಮದ್ದಳೆಕಾರರ ಮನೆತನದಿಂದ ಬಂದ ಅಲ್ಲಮರು ಅದಕ್ಕೆ ತಕ್ಕವರೆಂದು ಕಂಡು, ಅವರನ್ನು ಕುಳ್ಳಿರಿಸಿ ತಾವು ಕೆಳಗೆ ಕುಳಿತರು. ಅನುಭವಮಂಟಪದಲ್ಲಿ ಮಡಿವಾಳ ಮಾಚಯ್ಯನವರು ಮಾತನಾಡಿದರು, ಅಂಬಿಗರ ಚೌಡಯ್ಯನವರು ಕಟುವಾಗಿಯೇ ಮಾತನಾಡಿದರು, ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ಬಿದಿರಿನ ಕಾಯಕದ ಮೇದರ ಕೇತಯ್ಯನವರು, ನೂಲುವ ಕದಿರೆಯ ರೆಮ್ಮವ್ವೆಯವರು ತಮ್ಮ ತಮ್ಮ ಕಾಯಕದ ಮಾತಿನಲ್ಲಿಯೇ ತತ್ತ್ವವನ್ನು ನುಡಿದರು. ಉಡುತಡಿಯಿಂದ ಒಬ್ಬಂಟಿಯಾಗಿ ನಡೆದು ಬಂದ ಅಕ್ಕಮಹಾದೇವಿಯವರನ್ನು ಪ್ರಭುದೇವರು ಬಾಗಿಲಲ್ಲಿಯೇ ಪ್ರಶ್ನೆಗಳಿಂದ ತಡೆದರು; ಅಕ್ಕನವರು ಒಂದಕ್ಕೂ ಹಿಂಜರಿಯದೆ ಉತ್ತರವಿತ್ತರು. ಕೇಳುವುದು, ಕೇಳಿಸಿಕೊಳ್ಳುವುದು, ಎದುರುಮಾತಿಗೆ ಕನಲದಿರುವುದು, ತನ್ನ ಅನುಭವವನ್ನು ಹತ್ತು ಜನರೆದುರಿಗೆ ಹಿಡಿಮಾತಿನಲ್ಲಿ ಹೇಳುವುದು. ಈ ಅಭ್ಯಾಸವು ಅಲ್ಲಿ ದಿನದಿನವೂ ನಡೆಯಿತು. ವಚನಗಳೆಂದರೆ ಬಹುಮಟ್ಟಿಗೆ ಈ ಅಭ್ಯಾಸದ ಫಲಗಳೇ ಅಲ್ಲವೆ? ಓದುಬರಹಗಳಿಂದ ದೂರವಿದ್ದ ಜನರು ಸಭೆಯಲ್ಲಿ ಎದ್ದು ನಿಂತು ಮಾತನಾಡಲು ಕಲಿತ ಶಾಲೆಯದು.

ಈ ಶಾಲೆಯ ಪರೀಕ್ಷೆಯು ಘೋರವಾಗಿ ಬಂದಿತು. ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಕಾರಣದಿಂದ ಕಲ್ಯಾಣವು ಉರಿಯಿತು. ಬಸವಣ್ಣನವರು ಕೂಡಲಸಂಗಮಕ್ಕೆ ನಡೆದರು, ಅಲ್ಲಿಯೇ ಐಕ್ಯರಾದರು. ಬಿಜ್ಜಳನ ಕೊಲೆಯಾಯಿತು. ಶರಣರನ್ನು ಸೈನ್ಯವು ಬೆನ್ನಟ್ಟಿತು. ಒಬ್ಬರ ಬೆಳಕಿನಲ್ಲಿ ನಡೆಯುತ್ತಿದ್ದ ಗುಂಪಾಗಿದ್ದರೆ, ಆ ಒಬ್ಬರು ಇಲ್ಲವಾದ ದಿನವೇ ಅದು ಚದುರಿ ಹೋಗಬೇಕಾಗಿತ್ತು. ಓಲೆಗರಿಗಳಲ್ಲಿದ್ದ ವಚನಗಳು ಬೂದಿಯಾಗಬೇಕಾಗಿತ್ತು. ಹಾಗಾಗಲಿಲ್ಲ. ಚೆನ್ನಬಸವಣ್ಣನವರು ಶರಣರ ಸಮೂಹವನ್ನು ಕರೆದುಕೊಂಡು ಪಡುವಣ ಕಾಡಿನ ಉಳವಿಯತ್ತ ಸಾಗಿದರು. ಬಟ್ಟೆ ಒಗೆಯುವ ಕಾಯಕದ ಮಡಿವಾಳ ಮಾಚಯ್ಯನವರು ಹಿಂದುಗಡೆ ನಿಂತು ಬೆನ್ನಟ್ಟಿ ಬಂದವರನ್ನು ತಡೆದರೆಂದು ಐತಿಹ್ಯ. ಅಕ್ಕ ನಾಗಮ್ಮನವರು ತಾಯಿಯಂತೆ ಎಲ್ಲರೊಡನೆ ನಡೆದರು. ತರೀಕೆರೆಯ ಸೀಮೆಯಲ್ಲಿ ಅವರ ಗದ್ದುಗೆಯಿದೆ. ಬಸವಣ್ಣನವರಿಲ್ಲದ ಆ ಕಾಡುದಾರಿಯಲ್ಲಿ ದಿನಕ್ಕೊಂದು ನಿರ್ಧಾರವನ್ನು ಯಾರೋ ಒಬ್ಬರು ಮಾಡಲೇಬೇಕಾಗಿದ್ದಿತು. ಎಲ್ಲಿ ಇಳಿದುಕೊಳ್ಳುವುದು, ಯಾವ ಹೊಳೆಯನ್ನು ಎಲ್ಲಿ ದಾಟುವುದು, ಮುದುಕರನ್ನೂ ಮಕ್ಕಳನ್ನೂ ಯಾರು ಹೊರುವುದು, ವಚನದ ಕಟ್ಟುಗಳನ್ನು ಯಾರ ಕೈಗೆ ಕೊಡುವುದು. ಇಂಥವುಗಳನ್ನು ನಿರ್ಧರಿಸಬಲ್ಲವರು ಅಲ್ಲಿ ಒಬ್ಬರಲ್ಲ, ಹಲವರಿದ್ದರು. ಎಂಟುನೂರು ವರ್ಷಗಳಾಚೆಗೂ ವಚನಗಳು ಉಳಿದುಕೊಂಡು ಬಂದುದಕ್ಕೆ ಇರುವ ಕಾರಣಗಳಲ್ಲಿ ಇದನ್ನು ಮೊದಲನೆಯದೆಂದು ಎಣಿಸಬೇಕು.

ಮಂಟಪದ ಮಾತು ದೊಡ್ಡದಾಯಿತು, ಸಂಸಾರಿಗಳಿಗೆ ಇದರಿಂದೇನೆಂದು ಕೇಳುವವರುಂಟು. ಅವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಗುಡಿಸಲನ್ನು ನೋಡಬೇಕು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಚೆಲ್ಲಿದ್ದಿತು. ಮಾರಯ್ಯನವರು ಎಲ್ಲವನ್ನೂ ಆಯ್ದು ತಂದರು. ಲಕ್ಕಮ್ಮನವರು ಅದನ್ನು ಕಂಡು ಸಂತೋಷಪಡಲಿಲ್ಲ. ದಿನದ ಕಾಯಕಕ್ಕೆ ಸಲ್ಲುವಷ್ಟನ್ನು ಇಟ್ಟುಕೊಂಡು ಮಿಕ್ಕುದನ್ನು ಅಲ್ಲಿಯೇ ಚೆಲ್ಲಿ ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಮಾರಯ್ಯನವರು ಹೋದರು. ಇಲ್ಲಿ ಮನೆಯ ಮುಂದಾಳು ಯಾರು? ಲಕ್ಕಮ್ಮನವರು ಗಂಡನನ್ನು ಕೆಳಗಿಳಿಸಿ ತಾವು ಮೇಲೇರಲಿಲ್ಲ. ಮಾರಯ್ಯನವರು ಹೆಂಡತಿಯ ಮಾತನ್ನು ಕೇಳಿದೆನೆಂದು ಕುಗ್ಗಲಿಲ್ಲ. ಆ ಹೊತ್ತಿಗೆ ಯಾರಿಗೆ ದಾರಿ ಸ್ಪಷ್ಟವಾಗಿ ಕಂಡಿತೋ ಅವರು ಮುಂದೆ ನಡೆದರು. ಇಂಥ ಹೊಂದಿಕೆಯು ಒಂದೇ ದಿನದಲ್ಲಿ ಬರತಕ್ಕದ್ದಲ್ಲ. ನಿತ್ಯವೂ ಒಟ್ಟಿಗೆ ದುಡಿದು, ಒಟ್ಟಿಗೆ ನೀಡಿ, ಒಟ್ಟಿಗೆ ಉಂಡ ಮನೆಯಲ್ಲಿ ಮಾತ್ರ ಬೆಳೆಯುವುದು.

ಮನೆಯೇ ಮೊದಲ ಮಂಟಪವಾಗಬೇಕಾದರೆ ಯಜಮಾನನು ಬದುಕಿರುವಾಗಲೇ ಕೆಲವನ್ನು ಬಿಟ್ಟುಕೊಡಬೇಕು. ಹದಿನೈದು ವರ್ಷದ ಮಗನ ಕೈಗೆ ಸಂತೆಯ ಚೀಲವನ್ನೂ ಹಣವನ್ನೂ ಕೊಟ್ಟು ಕಳುಹಿಸಿದರೆ ಅವನು ಒಂದೆರಡು ಬಾರಿ ಮೋಸಹೋಗಿ ಬರುವನು. ಆ ನಷ್ಟವನ್ನು ವಿದ್ಯೆಯ ಶುಲ್ಕವೆಂದು ಬರೆದಿಡಬೇಕೇ ಹೊರತು, ಅಂಗಳದಲ್ಲಿ ನಿಲ್ಲಿಸಿ ಹತ್ತು ಜನರೆದುರಿಗೆ ಬಯ್ಯಬಾರದು. ದಾಸೋಹದ ದಿನ ಬಡಿಸುವುದಕ್ಕೆ ಮಾತ್ರ ಹುಡುಗರನ್ನು ಕರೆಯುವುದು ವಾಡಿಕೆ. ಎಷ್ಟು ಜನ ಬರುವರು, ಎಷ್ಟು ಅಕ್ಕಿ ಬೇಕು, ಉಳಿದ ಅನ್ನವನ್ನು ಏನು ಮಾಡುವುದು ಎಂಬ ಲೆಕ್ಕಕ್ಕೂ ಅವರನ್ನು ಕೂಡಿಸಬೇಕು. ಹೆಣ್ಣುಮಕ್ಕಳನ್ನು ಈ ಲೆಕ್ಕದಿಂದ ಹೊರಗಿಡುವವರು ಲಕ್ಕಮ್ಮನವರ ಹೆಸರನ್ನು ವೇದಿಕೆಯ ಮೇಲೆ ಎತ್ತದಿರುವುದು ಒಳ್ಳೆಯದು. ಇನ್ನು ಅಣ್ಣತಮ್ಮಂದಿರ ವ್ಯಾಜ್ಯ ಬಂದಾಗ ತಂದೆಯು ತೀರ್ಪನ್ನು ಕೊಡುವುದು ಸುಲಭ. ಅವರೇ ಕುಳಿತು ಬಗೆಹರಿಸಿಕೊಳ್ಳುವವರೆಗೆ ಪಕ್ಕದಲ್ಲಿ ಮೌನವಾಗಿ ಕುಳಿತಿರುವುದು ಕಷ್ಟ. ಎರಡನೆಯದನ್ನು ಮಾಡಬಲ್ಲ ತಂದೆಯ ಮಕ್ಕಳು ರುಮಾಲು ಸುತ್ತುವ ದಿನಕ್ಕಾಗಿ ಕಾಯಬೇಕಾಗುವುದಿಲ್ಲ. ಸಹಕಾರಿ ಸಂಘ, ಶಾಲೆಯ ಆಡಳಿತ ಮಂಡಳಿ, ದೇವಸ್ಥಾನದ ಟ್ರಸ್ಟು ಇವುಗಳಿಗೂ ಮಾತು ಇದೇ, ವಿಸ್ತರಿಸಬೇಕಾದುದಿಲ್ಲ.

ಗೃಹಸ್ಥರಿಗೆ ಹೇಳಿ ಮಠಗಳನ್ನು ಬಿಡುವುದು ನ್ಯಾಯವಲ್ಲ. ಒಂದು ಕಾಲಕ್ಕೆ ಅನೇಕ ಮಠಗಳಲ್ಲಿ ಎಳೆಯ ಮಕ್ಕಳನ್ನು ತಂದು ಪಟ್ಟಕಟ್ಟಿ, ಅನಂತರ ಅವರು ಕಲಿತರೋ ಇಲ್ಲವೋ ಎಂದು ಯಾರೂ ನೋಡದ ಸ್ಥಿತಿಯಿದ್ದಿತು. ಕಾವಿ ಬಂದರೆ ಜ್ಞಾನವೂ ಬಂದಿತೆಂದು ಭಕ್ತರು ಭಾವಿಸುತ್ತಿದ್ದರು. ಈ ರೋಗಕ್ಕೆ ಮದ್ದನ್ನು ಹುಡುಕಿದವರು ಹಾನಗಲ್ಲಿನ ಶ್ರೀ ಕುಮಾರ ಸ್ವಾಮಿಗಳು. 1867ರಲ್ಲಿ ಜನಿಸಿದ ಈ ಪೂಜ್ಯರು ತಾವೂ ಎಳಂದೂರು ಬಸವಲಿಂಗ ಸ್ವಾಮಿಗಳ ಸೇವೆಯಲ್ಲಿದ್ದು ಕಲಿತು ಬಂದವರು. 1904ರಲ್ಲಿ ವೀರಶೈವ ಮಹಾಸಭೆಯು ಹುಟ್ಟಲು ಕಾರಣರಾದರು. ಆದರೆ ಸಭೆ ಸೇರಿ ಠರಾವು ಮಾಡಿದ ಮಾತ್ರಕ್ಕೆ ಸಮಾಜವನ್ನು ನಡೆಸಬಲ್ಲವರು ಸಿದ್ಧರಾಗುವುದಿಲ್ಲವೆಂಬುದು ಅವರಿಗೆ ಬೇಗನೆ ತಿಳಿಯಿತು. 1909ರಲ್ಲಿ ಬಾದಾಮಿಯ ಬಳಿ, ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಮುಂದೆ ಮಠಗಳ ಹೊಣೆಯನ್ನು ಹೊರತಕ್ಕ ವಟುಗಳು ಅಲ್ಲಿ ಸೇರಿ ವರ್ಷಗಟ್ಟಲೆ ಇದ್ದರು. ಸಂಸ್ಕೃತ, ಕನ್ನಡ, ವಚನಗಳು, ಯೋಗ, ಸಂಗೀತ ಇವು ಓದಿನ ಪಾಠಗಳು. ಗೋವುಗಳ ಆರೈಕೆ, ಸಗಣಿಯಿಂದ ಶಾಸ್ತ್ರೋಕ್ತವಾಗಿ ವಿಭೂತಿ ತಯಾರಿಸುವುದು, ಜೋಳಿಗೆ ಹಿಡಿದು ಭಿಕ್ಷಕ್ಕೆ ಹೋಗುವುದು ಇವೂ ಪಾಠಗಳೇ.

ಜೋಳಿಗೆಯ ಪಾಠವನ್ನು ಹಗುರವಾಗಿ ಎಣಿಸಬಾರದು. ನಾಳೆ ನೂರಾರು ಎಕರೆಯ ಮಠಕ್ಕೆ ಒಡೆಯನಾಗತಕ್ಕ ಹುಡುಗನು ಇಂದು ಬಡ ಭಕ್ತಳ ಮನೆಯ ಮುಂದೆ ನಿಂತು, ಅವಳು ನೀಡಿದ ರೊಟ್ಟಿಯ ಅರ್ಧವನ್ನು ಬಾಗಿ ಸ್ವೀಕರಿಸಿದ್ದರೆ, ಮುಂದೆ ಆ ಮಠದ ಕಣಜವು ಯಾರ ಬೆವರಿನಿಂದ ತುಂಬಿತೆಂಬುದನ್ನು ಮರೆಯಲಾರನು. ಸ್ವಾಮಿಗಳು ತಾವೂ ಊರೂರು ತಿರುಗಿ ಜೋಳಿಗೆಯಲ್ಲಿಯೇ ಮಂದಿರವನ್ನು ಕಟ್ಟಿದರು. ಸಿದ್ಧರಾಮರು ಸೊನ್ನಲಿಗೆಯನ್ನು ಬಿಟ್ಟು ನಡೆದು ಕಲಿತುದನ್ನು ಈ ಹುಡುಗರು ಪಟ್ಟವಾಗುವುದಕ್ಕೆ ಮುಂಚೆಯೇ ಕಲಿಯಲೆಂಬುದು ಅವರ ಆಶಯವೆಂದರೆ ತಪ್ಪಾಗಲಾರದು. 1930ರಲ್ಲಿ ಅವರು ಲಿಂಗೈಕ್ಯರಾಗುವ ಹೊತ್ತಿಗೆ ಅಲ್ಲಿ ಕಲಿತವರು ನಾಡಿನ ಹಲವು ಮಠಗಳಲ್ಲಿ ನೆಲೆಗೊಂಡಿದ್ದರು.

ಕುಮಾರ ಸ್ವಾಮಿಗಳು ಯಾರಲ್ಲಿ ಮುಂದಾಳನ್ನು ಕಂಡರೆಂಬುದಕ್ಕೆ ಒಂದು ನಿದರ್ಶನವು ಜನಜನಿತವಾಗಿದೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನೆಂಬ ಬಾಲಕನು ಹುಟ್ಟುಗುರುಡ. ಅವನ ಅಣ್ಣನೂ ಕುರುಡ. ಬಡವರ ಮನೆ. ಊರಿನವರ ದೃಷ್ಟಿಯಲ್ಲಿ ಇಬ್ಬರೂ ಜೀವನಪರ್ಯಂತ ಇನ್ನೊಬ್ಬರ ಕೈ ಹಿಡಿದು ನಡೆಯಬೇಕಾದವರು. ಈ ಮಕ್ಕಳ ಹಾಡನ್ನು ಕೇಳಿದ ಸ್ವಾಮಿಗಳು ಅವರಿಗೆ ಸಂಗೀತ ಕಲಿಸುವ ಹೊಣೆಯನ್ನು ಹೊತ್ತರು. ಗದಿಗೆಯ್ಯನು ಕರ್ನಾಟಕ ಸಂಗೀತವನ್ನೂ, ಅನಂತರ ನೀಲಕಂಠಬುವಾ ಮಿರಜಕರರಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತು ಪಂಚಾಕ್ಷರಿ ಗವಾಯಿಗಳಾದನು. ಗಾಯಕರಾಗಿ ತಾವೊಬ್ಬರೇ ಮೆರೆಯಬಹುದಾಗಿತ್ತು. ಅವರು ಹಾಗೆ ಮಾಡದೆ ಕುರುಡ ಮಕ್ಕಳನ್ನೂ ಅನಾಥ ಮಕ್ಕಳನ್ನೂ ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ಪಾಠಶಾಲೆಯನ್ನು ನಡೆಸಿದರು. ಅವರ ಅನ್ನಕ್ಕೆ ಮಾರ್ಗವಾಗಲೆಂದು ನಾಟಕದ ಕಂಪನಿಯನ್ನೂ ಕಟ್ಟಿದರು. ಈ ಪಾಠಶಾಲೆಯು ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಬಸವರಾಜ ರಾಜಗುರುಗಳಂಥ ಗಾಯಕರು ಅವರ ಕೈಯಲ್ಲಿಯೇ ತಯಾರಾದವರು.

ಆ ಮಕ್ಕಳಲ್ಲಿ ಒಬ್ಬನು, ಶೈಶವದಲ್ಲಿಯೇ ಕಣ್ಣು ಕಳೆದುಕೊಂಡು ಸೋದರಮಾವನ ಕೈ ಹಿಡಿದು ಬಂದ ಪುಟ್ಟರಾಜ. ಅವನಿಗೆ ಗವಾಯಿಗಳು ಹಾಡುವುದನ್ನು ಕಲಿಸಿದರು, ವಾದ್ಯಗಳನ್ನು ಕಲಿಸಿದರು. ತಮ್ಮ ಜೊತೆಯಲ್ಲಿಯೇ ಇರಿಸಿಕೊಂಡು ಆ ದೊಡ್ಡ ಸಂಸಾರವನ್ನು ಸಾಗಿಸುವ ಬಗೆಯನ್ನೂ ತಿಳಿಸಿದರು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಪುಟ್ಟರಾಜ ಗವಾಯಿಗಳಿಗೆ ಮೂವತ್ತು ವರ್ಷ. ಆಶ್ರಮದ ಹೊಣೆಯನ್ನು ಅವರು ಹೊತ್ತರು. 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ, ಅರುವತ್ತಾರು ವರ್ಷ, ಹೊತ್ತರು. ಕಣ್ಣಿಲ್ಲದ ಗುರುವು ಕಣ್ಣಿಲ್ಲದ ಶಿಷ್ಯನ ಕೈಗೆ ಕೊಟ್ಟುಹೋದ ಆ ಮನೆಯಲ್ಲಿ ಒಲೆಯು ಆರಲಿಲ್ಲ, ತಂಬೂರಿಯ ಶ್ರುತಿಯು ನಿಲ್ಲಲಿಲ್ಲ.